ಬೋರ್ ಹಾಕಿಸೋ ಮುಂಚೆ ಪಾಯಿಂಟ್ ನೋಡಿಸ್ತೀವಿ, 5,000 ಕೋಟಿ ಖರ್ಚು ಮಾಡೋ ಮುಂಚೆ?

ಇವತ್ತಿನ ವಿಷಯ ಕೇಳಿದ ತಕ್ಷಣ ಸ್ಕಿಪ್ ಮಾಡಬೇಡಿ, ಎರಡು ನಿಮಿಷ ತಡೀರಿ. ಒಂದು ಊರು, ಒಂದು ತಾಲ್ಲೂಕು, ಒಂದು ದೇಶ ಹೇಗೆ ಶ್ರೀಮಂತ ಆಗುತ್ತೆ ಅನ್ನೋದನ್ನ ಅಧ್ಯಯನ ಮಾಡೋಕೆ ದುಡ್ಡು ಯಾರು ಹಾಕಬೇಕು? ಅದಕ್ಕೂ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗೂ ಏನು ಸಂಬಂಧ? ಇದೇ ಇವತ್ತಿನ ಮಾತು.

ನಾನು ಬಿಕಾಂ ಓದಿದವನು, ಅದಕ್ಕೇ ಚಕ್ರಬಡ್ಡಿಯಿಂದಲೇ ಶುರು ಮಾಡ್ತೀನಿ. ಒಂದು ಕುಟುಂಬದ ವರಮಾನ ವರ್ಷಕ್ಕೆ ಶೇ 2ರಷ್ಟು ಬೆಳೆದರೆ ಅದು ದುಪ್ಪಟ್ಟು ಆಗೋಕೆ ಸುಮಾರು 35 ವರ್ಷ ಬೇಕು. ಶೇ 7ರಷ್ಟು ಬೆಳೆದರೆ 10 ವರ್ಷ ಸಾಕು. ಅದೇ 35 ವರ್ಷದಲ್ಲಿ ಮೊದಲನೇ ಮನೆ 2 ಪಟ್ಟು, ಎರಡನೇ ಮನೆ 10 ಪಟ್ಟಿಗೂ ಜಾಸ್ತಿ. ಬೆಳವಣಿಗೆಯ ದರದಲ್ಲಿ ಸಣ್ಣ ವ್ಯತ್ಯಾಸ ಅಂತ ಕಾಣೋದು ಒಂದು ತಲೆಮಾರಿನ ಹಣೆಬರಹವನ್ನೇ ಬದಲಾಯಿಸುತ್ತೆ.

ಈಗ ದೊಡ್ಡವರ ಜಗಳಕ್ಕೆ ಬರೋಣ. 2019ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ, ಮೈಕಲ್ ಕ್ರೆಮರ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರ ದಾರಿ ಏನಂದ್ರೆ, ಕೆಲವು ಹಳ್ಳಿಗಳಲ್ಲಿ ಒಂದು ಯೋಜನೆ ಮಾಡಿ, ಇನ್ನು ಕೆಲವು ಹಳ್ಳಿಗಳಲ್ಲಿ ಮಾಡದೆ ಬಿಟ್ಟು, ಎರಡನ್ನೂ ಹೋಲಿಸಿ ನೋಡೋದು. ಔಷಧಿ ಪರೀಕ್ಷೆ ಮಾಡೋ ಹಾಗೆ. ಲ್ಯಾಂಟ್ ಪ್ರಿಚೆಟ್ ಅನ್ನೋ ಅರ್ಥಶಾಸ್ತ್ರಜ್ಞರು ಇದಕ್ಕೆ ಒಪ್ಪಲ್ಲ. 1978ರ ನಂತರದ ಚೀನಾ, 1991ರ ನಂತರದ ಭಾರತ ನೋಡಿ, ಅಲ್ಲಿ ಬಡತನ ಇಳಿದದ್ದು ಮುಖ್ಯವಾಗಿ ಇಡೀ ಆರ್ಥಿಕತೆ ಬೆಳೆದಿದ್ದರಿಂದ. ಹಾಗಾಗಿ ಸಂಶೋಧನೆಯ ದುಡ್ಡು ಬೆಳವಣಿಗೆಯ ನೀತಿಗೆ ಹೋಗಲಿ ಅನ್ನೋದು ಅವರ ವಾದ. ಬೆಳವಣಿಗೆಗೆ ಪಕ್ಕಾ ರೆಸಿಪಿ ಯಾರ ಹತ್ರಾನೂ ಇಲ್ಲ ಅಂತ ಬ್ಯಾನರ್ಜಿ, ಡಫ್ಲೋ ಉತ್ತರ ಕೊಡ್ತಾರೆ. ನನಗನ್ನಿಸೋದು, ರೆಸಿಪಿ ಇಲ್ಲ ಅನ್ನೋದೇ ಹುಡುಕೋಕೆ ಇರೋ ಕಾರಣ.

ಹುಡುಕೋಕೆ ದುಡ್ಡು ಬೇಕು. 2008ರಲ್ಲಿ ಬ್ರಿಟನ್ ಸರ್ಕಾರದ ಹಣದಿಂದ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಮತ್ತು ಆಕ್ಸ್‌ಫರ್ಡ್ ಸೇರಿ ಇಂಟರ್‌ನ್ಯಾಷನಲ್ ಗ್ರೋತ್ ಸೆಂಟರ್ ಶುರು ಮಾಡಿದವು. ಬಡ ದೇಶಗಳ ಸರ್ಕಾರಗಳ ಜೊತೆ ಕೂತು ಬೆಳವಣಿಗೆಯ ನೀತಿ ಅಧ್ಯಯನ ಮಾಡೋದೇ ಅದರ ಕೆಲಸ. ಆದರೆ ಪರದೇಶದ ದುಡ್ಡನ್ನ ನೆಚ್ಚಿಕೊಂಡು ಕೂರೋಕಾಗಲ್ಲ. 2021ರಲ್ಲಿ ಬ್ರಿಟನ್ ತನ್ನ ವಿದೇಶಿ ನೆರವನ್ನ ರಾಷ್ಟ್ರೀಯ ವರಮಾನದ ಶೇ 0.7ರಿಂದ ಶೇ 0.5ಕ್ಕೆ ಇಳಿಸಿತು. ಖಾಸಗಿಯವರೂ ಹಾಕಲ್ಲ. ಯಾಕೆ? ನಿಮ್ಮ ಹೊಲದಲ್ಲಿ ಬೋರ್ ಹಾಕಿಸೋಕೆ ನೀವು ದುಡ್ಡು ಹಾಕ್ತೀರಿ, ಯಾಕಂದ್ರೆ ನೀರು ನಿಮಗೇ ಬರುತ್ತೆ. ಇಡೀ ತಾಲ್ಲೂಕಿನ ಅಂತರ್ಜಲ ಲೆಕ್ಕ ಹಾಕಿಸೋಕೆ ನೀವೊಬ್ಬರೇ ಹಾಕ್ತೀರಾ? ಲಾಭ ಎಲ್ಲರದ್ದು, ಖರ್ಚು ಒಬ್ಬರದ್ದು ಆದಾಗ ಯಾರೂ ಜೇಬಿಗೆ ಕೈ ಹಾಕಲ್ಲ. ಇಂಥ ಕಡೆ ಸರ್ಕಾರವೇ ಬರಬೇಕು.

ನಮ್ಮ ಸರ್ಕಾರ ಒಂದು ಸಲ ಬಂದಿತ್ತು. 2000ದಲ್ಲಿ ಪ್ರೊ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನ ನಿವಾರಣಾ ಸಮಿತಿ ರಚನೆಯಾಯ್ತು. 2002ರ ಜೂನ್‌ನಲ್ಲಿ ವರದಿ ಬಂತು. ಆಗಿನ 175 ತಾಲ್ಲೂಕುಗಳನ್ನ 35 ಸೂಚಕಗಳಿಂದ ಅಳೆದರು. ರಾಜ್ಯದ ಸರಾಸರಿಯನ್ನ 1 ಅಂತ ಇಟ್ಟುಕೊಂಡು, ಅದಕ್ಕಿಂತ ಕಡಿಮೆ ಇದ್ದ 114 ತಾಲ್ಲೂಕುಗಳನ್ನ ಹಿಂದುಳಿದವು ಅಂತ ಗುರುತಿಸಿದರು. ಅದರಲ್ಲಿ 39 ಅತ್ಯಂತ ಹಿಂದುಳಿದವು. ಕೂಡ್ಲಿಗಿ ಆ 39ರಲ್ಲಿತ್ತು, ಹರಪನಹಳ್ಳಿಯೂ ಇತ್ತು. ಹಡಗಲಿ, ಹಗರಿಬೊಮ್ಮನಹಳ್ಳಿ 114ರ ಪಟ್ಟಿಯಲ್ಲಿದ್ದವು. ಕೊಟ್ಟೂರು ಆಗ ಕೂಡ್ಲಿಗಿ ತಾಲ್ಲೂಕಿನೊಳಗೇ ಇತ್ತು, ಅದಕ್ಕೆ ಪ್ರತ್ಯೇಕ ಸಾಲೇ ಇಲ್ಲ. ನೆಲದಡಿ ಕಬ್ಬಿಣದ ಅದಿರು ಇಟ್ಟುಕೊಂಡ ಪಕ್ಕದ ಸಂಡೂರು ಕೂಡ ಅತ್ಯಂತ ಹಿಂದುಳಿದ ಪಟ್ಟಿಯಲ್ಲೇ ಇತ್ತು. ಸಂಪತ್ತು ಇದ್ದ ಮಾತ್ರಕ್ಕೆ ಊರು ಬೆಳೆಯಲ್ಲ ಅನ್ನೋಕೆ ಇದಕ್ಕಿಂತ ಉದಾಹರಣೆ ಬೇಕಾ?

ವರದಿಗಳು ಧೂಳು ತಿನ್ನುತ್ತವೆ ಅಂತ ನೀವು ಹೇಳಬಹುದು. ಇದು ಹಾಗಾಗಲಿಲ್ಲ. 8 ವರ್ಷಕ್ಕೆ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆಯನ್ನ ಸಮಿತಿ ಶಿಫಾರಸು ಮಾಡಿತು. 2013ರಲ್ಲಿ 371ಜೆ ಜಾರಿಗೆ ಬಂದು, ಈಗ ನಾವು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಅಂತ ಕರೆಯೋ ಮಂಡಳಿ ಹುಟ್ಟಿದಾಗ, ತಾಲ್ಲೂಕಿಗೆ ಎಷ್ಟು ಹಣ ಅಂತ ಹಂಚೋಕೆ ಅಳತೆಗೋಲಾಗಿದ್ದು ಇದೇ ವರದಿ. ಒಂದು ಅಧ್ಯಯನ ಎರಡು ದಶಕದ ದುಡ್ಡಿಗೆ ದಾರಿ ತೋರಿಸಿತು.

ನಕ್ಷೆಯ ಒಂದು ಗೆರೆ ಏನು ಮಾಡುತ್ತೆ ಅಂತಾನೂ ನೋಡಿ. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯ್ತು. ಹಾಗಾಗಿ 371ಜೆ ಬಂದಾಗ, ಅತ್ಯಂತ ಹಿಂದುಳಿದ ತಾಲ್ಲೂಕಾಗಿದ್ದರೂ ಹೊರಗೆ ಉಳೀತು. ಹೋರಾಟ ಮಾಡಿ, ಬಳ್ಳಾರಿಗೆ ಮರಳಿ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಮಣ್ಣು ಅದೇ, ಮಳೆ ಅದೇ, ಜಿಲ್ಲೆ ಮಾತ್ರ ಬೇರೆ.

ಸರಿ, ಸಮಸ್ಯೆ ಎಲ್ಲಿದೆ? ನಂಜುಂಡಪ್ಪ ವರದಿ ಯಾರು ಎಷ್ಟು ಹಿಂದಿದ್ದಾರೆ ಅಂತ ಹೇಳಿತು. ಜ್ವರ ಎಷ್ಟಿದೆ ಅಂತ ಥರ್ಮಾಮೀಟರ್ ಹೇಳಿದ ಹಾಗೆ. ಯಾವ ಗುಳಿಗೆ ಕೆಲಸ ಮಾಡ್ತು ಅನ್ನೋದು ಬೇರೆ ಪ್ರಶ್ನೆ. ಇತ್ತೀಚಿನ ಬಜೆಟ್‌ಗಳಲ್ಲಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆ ಆಗ್ತಿದೆ. ರಸ್ತೆ, ಶಾಲಾ ಕೊಠಡಿ, ಆಸ್ಪತ್ರೆ ಎಲ್ಲಾ ಬೇಕು. ಆದರೆ ಇದರಲ್ಲಿ ಯಾವುದು ಜನರ ವರಮಾನ ಏರಿಸಿತು? 2024ರಲ್ಲಿ ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಸರ್ಕಾರ ಹೊಸ ಸಮಿತಿ ರಚಿಸಿತು. ಎರಡು ಸಮಿತಿಗಳ ನಡುವೆ 20 ವರ್ಷ ದಾಟಿದೆ. ಅಷ್ಟರಲ್ಲಿ ಆಗ ಹುಟ್ಟಿದ ಮಗು ಡಿಗ್ರಿ ಮುಗಿಸಿ ಬೆಂಗಳೂರಿನ ಬಸ್ ಹತ್ತಿರುತ್ತೆ.

ಬಸ್ ಹತ್ತೋ ಮಾತು ಬಂತಲ್ಲ. ಹರಪನಹಳ್ಳಿ, ಕೂಡ್ಲಿಗಿ ಕಡೆಯ ತಾಂಡಾಗಳಿಂದ ಕಾಫಿ ತೋಟಕ್ಕೆ, ಕಬ್ಬು ಕಡಿಯೋಕೆ ಹೋಗೋರು ನಿಮಗೂ ಗೊತ್ತು. ನನ್ನ ಜೊತೆ ಕಾಲೇಜಲ್ಲಿ ಓದಿದ ಒಬ್ಬನ ಮನೆಗೆ ವರ್ಷದಲ್ಲಿ ನಾಲ್ಕು ತಿಂಗಳು ಬೀಗ ಇರ್ತಿತ್ತು. ಅಜ್ಜಿ, ಎರಡು ಮೇಕೆ, ಪಕ್ಕದ ಮನೆಯಲ್ಲಿ. ಅವನಿಗೆ ಬೇಕಾಗಿದ್ದು ಊರಲ್ಲೇ ಒಂದು ಕೆಲಸ.

ಹಾಗಾದ್ರೆ ಇಲ್ಲಿ ಏನನ್ನ ಸಂಶೋಧನೆ ಮಾಡಬಹುದು? ಮೂರೇ ಉದಾಹರಣೆ.

ಒಂದು, ನೀರು. ತುಂಗಭದ್ರೆಯಿಂದ ಕೂಡ್ಲಿಗಿ ತಾಲ್ಲೂಕಿನ 74 ಕೆರೆ ತುಂಬಿಸೋ ಯೋಜನೆ ಇದೆ. ನೀರು ಬಂದ ಕೆರೆಯ ಸುತ್ತ ಬೋರ್‌ವೆಲ್ ಮಟ್ಟ, ಬೆಳೆ, ಗುಳೆ ಹೋಗೋರ ಸಂಖ್ಯೆ ಏನಾಯ್ತು? ನೀರು ಬರದ ಊರುಗಳಲ್ಲಿ ಏನಾಯ್ತು? ಎರಡನ್ನೂ ಬರೆದಿಟ್ಟರೆ ಮುಂದಿನ ಕೆರೆ ಯೋಜನೆಗೆ ಅದೇ ಪಾಠ.

ಎರಡು, ಹಡಗಲಿ ಮಲ್ಲಿಗೆ. ಭೌಗೋಳಿಕ ಸೂಚ್ಯಂಕ ಮಾನ್ಯತೆ ಸಿಕ್ಕಿದೆ. ಆದರೆ ಹೂವು ಸಂಜೆಗೆ ಬಾಡುತ್ತೆ. ಬೆಳೆಗಾರರ ಕೈಗೆ ಜಾಸ್ತಿ ದುಡ್ಡು ಬರೋಕೆ ಶೀತಲ ಗೃಹ ಬೇಕಾ, ಸುಗಂಧ ದ್ರವ್ಯದ ಘಟಕ ಬೇಕಾ, ಅಥವಾ ಬೆಳಗಿನ ಬಸ್ಸಿನ ಟೈಮ್ ಬದಲಾದ್ರೆ ಸಾಕಾ? ಉತ್ತರ ಬಸ್ಸಾಗಿದ್ರೆ ಕೋಟಿಗಟ್ಟಲೆ ಉಳೀತು.

ಮೂರು, ಮೆಕ್ಕೆಜೋಳ. ಹರಪನಹಳ್ಳಿ ಕಡೆ ರಾಶಿ ರಾಶಿ ಬೆಳೀತಾರೆ. ಅದನ್ನ ಕೋಳಿ ಆಹಾರ ಮಾಡೋ ಕೆಲಸ ಇಲ್ಲೇ ಆಗೋಕೆ ಅಡ್ಡಿ ಯಾವುದು: ಕರೆಂಟಾ, ಸಾಲನಾ, ರಸ್ತೆನಾ, ಕೊಳ್ಳೋರು ಇಲ್ಲದಿರೋದಾ? ಅಡ್ಡಿ ಗೊತ್ತಾಗದೆ ಸಬ್ಸಿಡಿ ಕೊಟ್ಟರೆ ಶೆಡ್ ಮಾತ್ರ ಉಳಿಯುತ್ತೆ.

ಇದನ್ನ ಮಾಡೋ ಜನ ನಮ್ಮಲ್ಲೇ ಇದ್ದಾರೆ. 1972ರಲ್ಲಿ ವಿ.ಕೆ.ಆರ್.ವಿ. ರಾವ್ ಕಟ್ಟಿದ ಬೆಂಗಳೂರಿನ ಐಸೆಕ್ ಇದೆ, ಹಂಪಿ ಕನ್ನಡ ವಿಶ್ವವಿದ್ಯಾಲಯದ ಅಭಿವೃದ್ಧಿ ಅಧ್ಯಯನ ವಿಭಾಗ ಇದೆ, ಬಳ್ಳಾರಿಯಲ್ಲಿ 2010ರಿಂದ ವಿಶ್ವವಿದ್ಯಾಲಯ ಇದೆ. ಬೇಕಿರೋದು ದುಡ್ಡು, ಮಾಹಿತಿ, ಮತ್ತು ಕಹಿ ಫಲಿತಾಂಶವನ್ನೂ ಪ್ರಕಟಿಸೋ ಸ್ವಾತಂತ್ರ್ಯ. 5,000 ಕೋಟಿಯಲ್ಲಿ ಶೇ 1 ಅಂದ್ರೆ 50 ಕೋಟಿ. ಅಷ್ಟೂ ಬೇಡ, ನೂರು ರೂಪಾಯಿಗೆ ಹತ್ತು ಪೈಸೆ ತೆಗೆದಿಟ್ಟರೂ ವರ್ಷಕ್ಕೆ 5 ಕೋಟಿ.

"ಮೊದಲು ರಸ್ತೆ ಹಾಕಿ, ಆಮೇಲೆ ಸಂಶೋಧನೆ" ಅನ್ನೋರ ಸಿಟ್ಟು ನನಗೆ ಅರ್ಥ ಆಗುತ್ತೆ. ಸಂಶೋಧನೆಯೂ ತಪ್ಪಾಗಬಹುದು, ಪಾಯಿಂಟ್ ನೋಡಿದ ಬೋರ್ ಕೂಡ ಫೇಲ್ ಆಗುತ್ತಲ್ಲ. ಆದರೆ ನಾಲ್ಕು ಬೋರ್ ಫೇಲಾದ ಮೇಲೂ ಯಾಕೆ ಅಂತ ಕೇಳದೆ ಐದನೇದಕ್ಕೆ ಸಾಲ ಮಾಡೋನಿಗೆ ಊರವರು ಏನಂತಾರೆ?

ನಿಮಗೊಂದು ಕೆಲಸ. ನಿಮ್ಮೂರಲ್ಲಿ ಮಂಡಳಿ ಹಣದಲ್ಲಿ ಆದ ಒಂದು ಕಾಮಗಾರಿ ಆರಿಸಿ. ಅದರಿಂದ ಯಾರ ವರಮಾನ ಎಷ್ಟು ಏರಿತು ಅಂತ ಹತ್ತು ಮನೆಯಲ್ಲಿ ಕೇಳಿ, ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅದನ್ನೇ ಕೇಳಿಸ್ತೀನಿ.