ಸರಪಳಿ ಗರಗಸದ ಹಲ್ಲುಗಳ ಸಂರಕ್ಷಣೆ

ತೋಟದ ಮರಗಳನ್ನು ಕಡಿಯುವುದಕ್ಕೂ, ಗಾಳಿಮಳೆಗೆ ಉರುಳಿದ ಮರಗಳನ್ನು ದಾರಿಯಿಂದ ತೆಗೆಯುವುದಕ್ಕೂ ಸರಪಳಿ ಗರಗಸವು ಈಗ ಹಳ್ಳಿಗಳಲ್ಲಿ ಬಳಕೆಗೆ ಬಂದಿದೆ. ಆದರೆ ಇಂಜಿನ್ನಿನ ವಿಷಯದಲ್ಲಿ ತೋರುವ ಎಚ್ಚರಿಕೆಯನ್ನು ಹಲ್ಲುಗಳ ವಿಷಯದಲ್ಲಿ ಅನೇಕರು ತೋರುವುದಿಲ್ಲ. ಮೊಂಡು ಗರಗಸದಿಂದ ಅಪಾಯ ಕಡಮೆಯೆಂಬ ಭಾವನೆಯು ತಪ್ಪು. ಮೊಂಡಾದ ಹಲ್ಲು ತಾನಾಗಿ ಮರವನ್ನು ಹಿಡಿಯದು. ಕೆಲಸಗಾರನು ಮೈಭಾರ ಹಾಕಿ ಒತ್ತುತ್ತಾನೆ. ಆಗ ಗರಗಸವು ಥಟ್ಟನೆ ಹಿಂದಕ್ಕೆ ಒದೆದು ಪ್ರಾಣಾಪಾಯವನ್ನೇ ತರಬಹುದು.

ಹಲ್ಲಿನ ರಚನೆ.— ಅಮೆರಿಕದ ಆರೆಗಾನ್ ಪ್ರಾಂತದ ಜೋಸೆಫ್ ಕಾಕ್ಸ್ ಎಂಬಾತನು, ಮರ ಕೊರೆಯುವ ಹುಳುವು ಎಡಕ್ಕೂ ಬಲಕ್ಕೂ ಕಡಿಯುತ್ತ ಸಾಗುವುದನ್ನು ಕಂಡು, ಅದೇ ರೀತಿಯ ಸರಪಳಿಯನ್ನು 1947ರಲ್ಲಿ ತಯಾರಿಸತೊಡಗಿದನು. ಈಗಿನ ಸರಪಳಿಗಳಲ್ಲಿಯೂ ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ ಇರುತ್ತದೆ. ಪ್ರತಿ ಹಲ್ಲಿನ ಮುಂದೆ, ಅದು ಎಷ್ಟು ಆಳ ಕಚ್ಚಬೇಕೆಂಬುದನ್ನು ನಿರ್ಧರಿಸುವ ಸಣ್ಣ ದಿಮ್ಮವಿರುತ್ತದೆ.

ಮೊಂಡಾದುದರ ಗುರುತು.— ಹರಿತವಾದ ಹಲ್ಲು ಮರದ ಚಕ್ಕೆಗಳನ್ನು ಉದುರಿಸುತ್ತದೆ. ಮೊಂಡಾದುದು ನುಣ್ಣನೆಯ ಪುಡಿಯನ್ನು ಉದುರಿಸುತ್ತದೆ. ಕೊಯ್ತವು ಒಂದು ಪಕ್ಕಕ್ಕೆ ವಾಲಿದರೆ, ಎರಡು ಕಡೆಯ ಹಲ್ಲುಗಳು ಸಮವಾಗಿಲ್ಲವೆಂದು ಶಂಕಿಸಬೇಕು.

ಹರಿತ ಮಾಡುವ ಕ್ರಮ.— ಮೊದಲು ಇಂಜಿನ್ನನ್ನು ನಿಲ್ಲಿಸಿ, ಕೈಚೀಲ ತೊಟ್ಟು, ಗರಗಸವನ್ನು ಅಲುಗಾಡದಂತೆ ಬಿಗಿಯತಕ್ಕದ್ದು. ತಯಾರಕರು ಸೂಚಿಸಿದ ಅಳತೆಯ ದುಂಡು ಅರವನ್ನೇ ಉಪಯೋಗಿಸಬೇಕು. 0.325 ಅಂಗುಲದ ಸರಪಳಿಗೆ ಸಾಮಾನ್ಯವಾಗಿ 4.8 ಮಿಲಿಮೀಟರ್ ಅರವು ಬೇಕಾಗುತ್ತದೆ. ಹೆಚ್ಚಿನ ಸರಪಳಿಗಳಿಗೆ ಸುಮಾರು 30 ಡಿಗ್ರಿ ಓರೆಯಲ್ಲಿ ಅರವನ್ನು ಹಿಡಿದು, ಹಲ್ಲಿನ ಒಳಗಿನಿಂದ ಹೊರಕ್ಕೆ ಮಾತ್ರ ಉಜ್ಜಬೇಕು. ಹಿಂದಕ್ಕೆ ಎಳೆಯುವಾಗ ಒತ್ತಕೂಡದು. ಅತ್ಯಂತ ಗಿಡ್ಡನೆಯ ಹಲ್ಲಿನ ಅಳತೆಗೆ ಉಳಿದವನ್ನೂ ತರಬೇಕು.

ದಿಮ್ಮದ ಎತ್ತರ.— ಹಲ್ಲು ಸವೆದಂತೆಲ್ಲ ಅದರ ಎತ್ತರವೂ ಇಳಿಯುವುದರಿಂದ, ದಿಮ್ಮವನ್ನು ಆಗಾಗ ಅಳತೆಪಟ್ಟಿಯಿಟ್ಟು ನೋಡಿ ಚಪ್ಪಟೆ ಅರದಿಂದ ತಗ್ಗಿಸಬೇಕು. ಅನೇಕ ಸರಪಳಿಗಳಲ್ಲಿ ಅದು ಹಲ್ಲಿನ ಅಂಚಿಗಿಂತ 0.65 ಮಿಲಿಮೀಟರಿನಷ್ಟು ಕೆಳಗಿರುತ್ತದೆ. ಕೆಲಸ ಬೇಗ ಸಾಗಲೆಂದು ಹೆಚ್ಚು ತಗ್ಗಿಸಿದರೆ ಹಲ್ಲು ಅತಿಯಾಗಿ ಕಚ್ಚಿ, ಹಿಂದಕ್ಕೆ ಒದೆಯುವ ಭಯವು ಹೆಚ್ಚುತ್ತದೆ.

ಇತರ ಎಚ್ಚರಿಕೆಗಳು.— ಓಡುವ ಸರಪಳಿಯನ್ನು ಮಣ್ಣಿಗೆ ತಗಲಿಸಕೂಡದು; ಮರದಲ್ಲಿ ಹಳೆಯ ಮೊಳೆ, ತಂತಿಗಳಿವೆಯೇ ಎಂದು ಮೊದಲೇ ನೋಡಬೇಕು. ಸರಪಳಿ ಓಡುವ ಪಟ್ಟಿಯ ಗಾಡಿಯನ್ನೂ ಎಣ್ಣೆಯ ರಂಧ್ರವನ್ನೂ ಶುಚಿಮಾಡಿ, ಒಂದೇ ಅಂಚು ಸವೆಯದಂತೆ ಪಟ್ಟಿಯನ್ನು ಆಗಾಗ ಮಗುಚಿ ಹಾಕಬೇಕು. ಸರಪಳಿಯು ಪಟ್ಟಿಯ ಕೆಳಗೆ ಜೋಲದೆ, ಕೈಯಿಂದ ಎಳೆದರೆ ಸಲೀಸಾಗಿ ಓಡುವಂತಿರಬೇಕು. ಬಿರುಕು ಬಿಟ್ಟ ಸರಪಳಿಯನ್ನು ಮತ್ತೆ ಉಪಯೋಗಿಸಕೂಡದು.

ಪೆಟ್ರೋಲ್ ತುಂಬುವಾಗಲೆಲ್ಲ ಹಲ್ಲುಗಳನ್ನು ನೋಡಿ, ಬೇಕಾದರೆ ಎರಡು ಮೂರು ಸಲ ಅರ ಆಡಿಸುವುದು ಅಲ್ಪಕಾಲದ ಕೆಲಸ. ಗರಗಸ ಹಿಡಿಯುವವನು ಕೂಲಿಯಾಳಾದರೂ ಅದಕ್ಕೆ ಅವಕಾಶ ಕೊಡಬೇಕಾದವರು ಯಜಮಾನರು. ಅವಸರದಿಂದ ಉಳಿಯುವ ಅರ್ಧ ಗಳಿಗೆಯು ಆಳಿನ ಕೈಕಾಲುಗಳಿಗೆ ಸಮವಾಗಲಾರದು.