ಲಾಸ್ಟ್ ಬೆಂಚ್ ಎಂ.ಪಿ.ಯ ಲೆಕ್ಕ: ಮತ ನೋಡಬೇಕೋ, ಪ್ರಶ್ನೆ ನೋಡಬೇಕೋ?

ಬ್ರಿಟನ್ನಿಗೆ ಓದಲು ಬಂದ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯದಿಂದ ಶುರು ಮಾಡೋಣ. ನಮಗೆ ಇಲ್ಲಿ ವೋಟಿದೆ. ಬರೀ ಕೌನ್ಸಿಲ್ ಚುನಾವಣೆಗಲ್ಲ, ಪಾರ್ಲಿಮೆಂಟ್ ಚುನಾವಣೆಗೂ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ ಸ್ಟೂಡೆಂಟ್ ವೀಸಾದಲ್ಲಿರುವ ಭಾರತೀಯರೂ ಹೆಸರು ನೋಂದಾಯಿಸಿಕೊಂಡು ಮತ ಹಾಕಬಹುದು. ಮತಗಟ್ಟೆಯಲ್ಲಿ ತೋರಿಸಬೇಕಾದ ಫೋಟೋ ಗುರುತಿಗೆ ನಮ್ಮ ಭಾರತದ ಪಾಸ್‌ಪೋರ್ಟೇ ನಡೆಯುತ್ತದೆ. ಪಕ್ಕದ ರೂಮಿನ ಜರ್ಮನ್ ಗೆಳೆಯನಿಗೆ ಪಾರ್ಲಿಮೆಂಟ್ ಚುನಾವಣೆಯಲ್ಲಿ ಈ ಹಕ್ಕಿಲ್ಲ, ನಮಗಿದೆ. ಊರಿನಲ್ಲೂ ಸಾಗರೋತ್ತರ ಮತದಾರರಾಗಿ ನೋಂದಾಯಿಸಿಕೊಳ್ಳಬಹುದು, ಆದರೆ ಮತ ಹಾಕಲು ವಿಮಾನ ಹತ್ತಿ ಖುದ್ದಾಗಿ ಹೋಗಬೇಕು. ಇಲ್ಲಿ ಮತಗಟ್ಟೆ ಬಹುಶಃ ನಾವು ಹಾಲು ತರುವ ಅಂಗಡಿಯ ಪಕ್ಕದಲ್ಲೇ ಇರುತ್ತದೆ.

ವೋಟಿದೆ ಅಂದಮೇಲೆ ನಮ್ಮ ಕ್ಷೇತ್ರದ ಎಂ.ಪಿ. ಏನು ಮಾಡುತ್ತಿದ್ದಾರೆ ಅನ್ನುವ ಕುತೂಹಲ ಸಹಜ. ದೇ ವರ್ಕ್ ಫಾರ್ ಯೂ ಎಂಬ ಜಾಲತಾಣದಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಸಾಕು, ಎಂ.ಪಿ.ಯ ಹೆಸರು, ಹಾಕಿದ ಮತಗಳು, ಕೇಳಿದ ಪ್ರಶ್ನೆಗಳು ಎಲ್ಲ ಬರುತ್ತವೆ. ಎಂಜಿನಿಯರಿಂಗ್ ಓದಿದವರಿಗೆ ಇಷ್ಟು ಡೇಟಾ ಸಿಕ್ಕರೆ ಕೈ ಸುಮ್ಮನಿರುವುದಿಲ್ಲ, ಎಕ್ಸೆಲ್ ಶೀಟ್ ತೆರೆದುಬಿಡುತ್ತೇವೆ. ಆದರೆ ಈ ಡೇಟಾದಲ್ಲಿ ಯಾವುದು ಸಿಗ್ನಲ್, ಯಾವುದು ನಾಯ್ಸ್ ಅಂತ ಮೊದಲು ತಿಳಿದುಕೊಳ್ಳಬೇಕು. ಇಲ್ಲದಿದ್ದರೆ ಪಕ್ಷವನ್ನು ಅಳೆದು, ಮನುಷ್ಯನನ್ನು ಅಳೆದೆವು ಅಂದುಕೊಳ್ಳುತ್ತೇವೆ.

ಕಾಮನ್ಸ್ ಸಭೆಯಲ್ಲಿ 650 ಸದಸ್ಯರಿದ್ದಾರೆ. ಎದುರುಬದುರು ಹಾಕಿದ ಹಸಿರು ಬೆಂಚುಗಳ ಮುಂದಿನ ಸಾಲಿನಲ್ಲಿ ಒಂದು ಕಡೆ ಸಚಿವರು, ಇನ್ನೊಂದು ಕಡೆ ವಿರೋಧ ಪಕ್ಷದ ವಕ್ತಾರರು ಕೂರುತ್ತಾರೆ. ಉಳಿದವರೆಲ್ಲ ಹಿಂದಿನ ಬೆಂಚಿನವರು. ನಮ್ಮ ಕಾಲೇಜಿನ ಲಾಸ್ಟ್ ಬೆಂಚ್‌ಗೂ ಇದಕ್ಕೂ ವ್ಯತ್ಯಾಸವಿದೆ, ಇಲ್ಲಿ ಲಾಸ್ಟ್ ಬೆಂಚಿನವರೇ ಹೆಚ್ಚು ಪ್ರಶ್ನೆ ಕೇಳಬೇಕು. ಅದೇ ಅವರ ಕೆಲಸ.

ಮೊದಲು ಮತದ ವಿಷಯ. ಡಿವಿಜನ್ ಗಂಟೆ ಬಾರಿಸಿದ ಮೇಲೆ ಎಂಟು ನಿಮಿಷ ಸಮಯ. ಅಷ್ಟರೊಳಗೆ ಎಂ.ಪಿ.ಗಳು ಎದ್ದು ನಡೆದು, ಪರವಾಗಿದ್ದರೆ ಒಂದು ಲಾಬಿ, ವಿರುದ್ಧವಾಗಿದ್ದರೆ ಇನ್ನೊಂದು ಲಾಬಿ ಸೇರಬೇಕು. ಯಾರು ಎಲ್ಲಿ ಹೋದರು ಅನ್ನುವುದು ಹೆಸರು ಸಮೇತ ದಾಖಲಾಗುತ್ತದೆ. ನಮ್ಮ ವಿಧಾನಸಭೆಯಲ್ಲಿ ಹೆಚ್ಚಿನ ಮಸೂದೆಗಳು ಧ್ವನಿಮತದಲ್ಲೇ ಪಾಸಾಗುತ್ತವೆ, ಆದ್ದರಿಂದ ನಮ್ಮ ಶಾಸಕರು ಯಾವ ಮಸೂದೆಗೆ ಏನಂದರು ಅಂತ ಹುಡುಕಿದರೂ ಸಿಗುವುದು ಕಷ್ಟ. ಆ ಲೆಕ್ಕದಲ್ಲಿ ಇಲ್ಲಿನ ದಾಖಲೆ ದೊಡ್ಡ ಸವಲತ್ತೇ.

ಆದರೆ ಆ ದಾಖಲೆಯನ್ನು ಓದುತ್ತಾ ಹೋದರೆ ಬೇಗ ಬೇಜಾರಾಗುತ್ತದೆ. ಒಂದೇ ಪಕ್ಷದ ಇಬ್ಬರು ಎಂ.ಪಿ.ಗಳ ಪಟ್ಟಿಯನ್ನು ಪಕ್ಕಪಕ್ಕ ಇಟ್ಟರೆ ಕಾಪಿ ಹೊಡೆದ ಲ್ಯಾಬ್ ರೆಕಾರ್ಡಿನ ಹಾಗೆ ಕಾಣುತ್ತದೆ. ಕಾರಣ ವಿಪ್. ಪ್ರತಿ ವಾರ ಪಕ್ಷದ ಸಚೇತಕರು ಕಳಿಸುವ ಸೂಚನೆಯಲ್ಲಿ ಬಹಳ ಮುಖ್ಯವಾದ ಮತಕ್ಕೆ ಮೂರು ಗೆರೆ ಎಳೆದಿರುತ್ತಾರೆ. ಮೂರು ಗೆರೆ ಅಂದರೆ ಬರಲೇಬೇಕು, ಪಕ್ಷ ಹೇಳಿದ ಹಾಗೇ ಹಾಕಲೇಬೇಕು ಅಂತ ಅರ್ಥ. ಮೀರಿದರೆ ಏನಾಗುತ್ತದೆ? 2024ರ ಜುಲೈ 23ರಂದು, ಲೇಬರ್ ಸರ್ಕಾರ ಬಂದು ಮೂರು ವಾರವೂ ಆಗಿರಲಿಲ್ಲ, ಎರಡು ಮಕ್ಕಳಿಗಿಂತ ಹೆಚ್ಚಿದ್ದರೆ ಸರ್ಕಾರಿ ನೆರವು ಕಡಿತ ಮಾಡುವ ನಿಯಮ ರದ್ದಾಗಬೇಕು ಎಂಬ ತಿದ್ದುಪಡಿಯ ಪರ ಏಳು ಲೇಬರ್ ಎಂ.ಪಿ.ಗಳು ಮತ ಹಾಕಿದರು. ತಿದ್ದುಪಡಿ 363-103ರಲ್ಲಿ ಸೋತಿತು. ಏಳೂ ಜನರನ್ನು ಪಾರ್ಲಿಮೆಂಟರಿ ಪಕ್ಷದಿಂದ ಆರು ತಿಂಗಳು ಹೊರಗಿಟ್ಟರು.

ಹೊರಗಿಟ್ಟರು, ಆದರೆ ಅವರ ಸೀಟು ಹೋಗಲಿಲ್ಲ. ಊರಿನ ರಾಜಕೀಯ ನೋಡಿ ಬೆಳೆದ ನಮಗೆ ಇದು ಗಮನಿಸಬೇಕಾದ ವ್ಯತ್ಯಾಸ. ಭಾರತದಲ್ಲಿ 1985ರಲ್ಲಿ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿದ ಮೇಲೆ ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವಕ್ಕೇ ಕುತ್ತು. 2019ರ ಜುಲೈಯಲ್ಲಿ ವಿಶ್ವಾಸಮತದ ಸಮಯಕ್ಕೆ ನಮ್ಮ ಶಾಸಕರು ರೆಸಾರ್ಟ್ ಸೇರಿದ್ದು, 99-105ರಲ್ಲಿ ಸರ್ಕಾರ ಬಿದ್ದದ್ದು, ಆಮೇಲೆ 17 ಶಾಸಕರು ಅನರ್ಹರಾಗಿದ್ದು ನಮಗೆಲ್ಲ ನೆನಪಿದೆ. ಆಗ ನಾವಿನ್ನೂ ಪಿಯುಸಿ ಮುಗಿಸಿ ಸಿಇಟಿ ಕೌನ್ಸೆಲಿಂಗ್ ಕಾಯುತ್ತಿದ್ದೆವು. ಪಕ್ಷಾಂತರ ತಡೆಯಲು ಬಂದ ಕಾನೂನು ಪಕ್ಷಾಂತರವನ್ನು ಪೂರ್ತಿ ತಡೆಯಲಿಲ್ಲ, ಹಿಂದಿನ ಬೆಂಚಿನವರ ಬಾಯಿಯನ್ನು ಮಾತ್ರ ಚೆನ್ನಾಗಿ ಕಟ್ಟಿತು ಅನ್ನುವುದು ನಮ್ಮ ಅಭಿಪ್ರಾಯ. ಇಲ್ಲಿ ಬಾಯಿ ಕಟ್ಟಿಲ್ಲ. 2003ರ ಮಾರ್ಚ್ 18ರಂದು ಇರಾಕ್ ಯುದ್ಧದ ವಿಷಯದಲ್ಲಿ 139 ಲೇಬರ್ ಎಂ.ಪಿ.ಗಳು ತಮ್ಮದೇ ಪ್ರಧಾನಿಯ ವಿರುದ್ಧ ನಿಂತರು, ಸೀಟು ಕಳೆದುಕೊಳ್ಳಲಿಲ್ಲ.

ಹಾಗಾದರೆ ಮತದ ಪಟ್ಟಿಯಲ್ಲಿ ನೋಡಬೇಕಾದ್ದು ಎರಡೇ. ಒಂದು, ಇಂಥ ಬಂಡಾಯ. ಇನ್ನೊಂದು, ವಿಪ್ ಇಲ್ಲದ ಮತ. ಸಾವಿನಂಚಿನಲ್ಲಿರುವ ರೋಗಿಗಳಿಗೆ ವೈದ್ಯಕೀಯ ನೆರವಿನಿಂದ ಜೀವನ ಮುಗಿಸಿಕೊಳ್ಳಲು ಅವಕಾಶ ಕೊಡುವ ಮಸೂದೆ 2024ರ ನವೆಂಬರ್ 29ರಂದು ಬಂದಾಗ ಪಕ್ಷಗಳು ಸದಸ್ಯರನ್ನು ಅವರವರ ಮನಸ್ಸಾಕ್ಷಿಗೆ ಬಿಟ್ಟವು. 330-275. ಆ ಮಸೂದೆ ಸರ್ಕಾರದ್ದೂ ಅಲ್ಲ, ಲಾಟರಿಯಲ್ಲಿ ಹೆಸರು ಬಂದ ಕಿಮ್ ಲೆಡ್‌ಬೀಟರ್ ಎಂಬ ಹಿಂದಿನ ಬೆಂಚಿನ ಸದಸ್ಯೆಯದ್ದು. ಅಂಥ ದಿನ ನಮ್ಮ ಎಂ.ಪಿ. ಯಾವ ಲಾಬಿಗೆ ಹೋದರು ಅನ್ನುವುದು ನಿಜವಾಗಿಯೂ ಅವರ ಬಗ್ಗೆ ಏನನ್ನೋ ಹೇಳುತ್ತದೆ.

ಇನ್ನು ದಾಖಲೆಯೇ ಹಿಡಿಯದ ಸಂಗತಿಗಳೂ ಇವೆ. 2025ರ ಜುಲೈ 1ರಂದು ಅಂಗವಿಕಲರ ಭತ್ಯೆಗೆ ಸಂಬಂಧಿಸಿದ ಮಸೂದೆ 335-260ರಲ್ಲಿ ಪಾಸಾಯಿತು, 49 ಲೇಬರ್ ಸದಸ್ಯರು ವಿರುದ್ಧ ಹಾಕಿದರು. ಸಂಖ್ಯೆ ಮಾತ್ರ ನೋಡಿದರೆ ಸರ್ಕಾರ ಗೆದ್ದಿತು. ಆದರೆ ಮತಕ್ಕೆ ಕೆಲವೇ ಗಂಟೆ ಮುಂಚೆ ಸರ್ಕಾರ ಮಸೂದೆಯ ಮುಖ್ಯ ಕಡಿತವನ್ನೇ ಕೈಬಿಟ್ಟಿತ್ತು, ಯಾಕೆಂದರೆ ಅದಕ್ಕಿಂತ ತುಂಬಾ ಹೆಚ್ಚು ಸದಸ್ಯರು ತಡೆಯುತ್ತೇವೆ ಅಂತ ಮೊದಲೇ ಸಹಿ ಹಾಕಿದ್ದರು. ಸಹಿ ಹಾಕಿ, ಬದಲಾವಣೆ ಗಿಟ್ಟಿಸಿ, ಆಮೇಲೆ ಸರ್ಕಾರದ ಪರವೇ ಮತ ಹಾಕಿದವರು ಪಟ್ಟಿಯಲ್ಲಿ ಬರೀ ವಿಧೇಯರಾಗಿ ಕಾಣುತ್ತಾರೆ. ಗೈರುಹಾಜರಿಯೂ ಹಾಗೇ. ಇಲ್ಲಿ ‘ತಟಸ್ಥ’ ಎಂದು ದಾಖಲಿಸುವ ಗುಂಡಿ ಇಲ್ಲ. ಬರದಿದ್ದವರು ಬೇಕೆಂದೇ ಬರಲಿಲ್ಲವೋ, ಆಸ್ಪತ್ರೆಯಲ್ಲಿದ್ದರೋ, ಪಕ್ಷವೇ ರಜೆ ಕೊಟ್ಟಿತ್ತೋ, ಪಟ್ಟಿ ಹೇಳುವುದಿಲ್ಲ.

ಪ್ರಶ್ನೆಗಳ ಕಡೆ ಬಂದರೆ ಚಿತ್ರವೇ ಬೇರೆ, ಯಾಕೆಂದರೆ ಯಾವ ಪ್ರಶ್ನೆ ಕೇಳಬೇಕು ಅಂತ ವಿಪ್ ಮೂರು ಗೆರೆ ಎಳೆಯುವುದಿಲ್ಲ. ಊರಿನ ಸದನದ ಚುಕ್ಕೆ ಗುರುತಿನ ಪ್ರಶ್ನೆ, ಚುಕ್ಕೆ ಗುರುತಿಲ್ಲದ ಪ್ರಶ್ನೆ ನಮಗೆ ಗೊತ್ತು. ಇಲ್ಲೂ ಬಾಯಿಯಲ್ಲಿ ಉತ್ತರಿಸುವ ಪ್ರಶ್ನೆ, ಬರಹದಲ್ಲಿ ಉತ್ತರಿಸುವ ಪ್ರಶ್ನೆ ಅಂತ ಎರಡು. ಟಿವಿಯಲ್ಲಿ ನೋಡುವ ಬುಧವಾರ ಮಧ್ಯಾಹ್ನದ ಪ್ರಧಾನಿ ಪ್ರಶ್ನೋತ್ತರ ಹೆಚ್ಚಾಗಿ ಗಲಾಟೆ. ಆಡಳಿತ ಪಕ್ಷದ ಹಿಂದಿನ ಬೆಂಚಿನವರು ಎದ್ದು, ಪ್ರಧಾನಿಗಳು ನನ್ನ ಕ್ಷೇತ್ರಕ್ಕೆ ಮಾಡಿದ ಒಳ್ಳೆಯ ಕೆಲಸವನ್ನು ಅವರು ಒಪ್ಪುತ್ತಾರೆಯೇ ಅಂತ ಕೇಳುವುದನ್ನು ಪ್ರಶ್ನೆ ಅನ್ನುವುದು ಕಷ್ಟ. ನಿಜವಾದ ಕೆಲಸ ನಡೆಯುವುದು ಯಾರೂ ನೋಡದ ಲಿಖಿತ ಪ್ರಶ್ನೆಗಳಲ್ಲಿ. ಇಂಥ ದಿನವೇ ಉತ್ತರ ಬೇಕು ಅಂತ ದಿನ ಗೊತ್ತುಮಾಡಿಯೂ ಕೇಳಬಹುದು, ಅಂಥವು ದಿನಕ್ಕೆ ಐದು. ಸಚಿವಾಲಯ ಉತ್ತರಿಸಲೇಬೇಕು. ನುಣುಚಿಕೊಳ್ಳಲು ದಾರಿಗಳಿವೆ. ಮಾಹಿತಿ ಕೂಡಿಹಾಕಲು 850 ಪೌಂಡ್‌ಗಿಂತ ಹೆಚ್ಚು ಖರ್ಚಾಗುತ್ತದೆ ಅಂದರೆ ಕೊಡದೇ ಇರಬಹುದು. ಆದರೆ ತಪ್ಪು ಉತ್ತರ ಕೊಡುವ ಹಾಗಿಲ್ಲ. ಕೊಟ್ಟ ಉತ್ತರ ಹ್ಯಾನ್ಸಾರ್ಡ್ ದಾಖಲೆಯಲ್ಲಿ ಶಾಶ್ವತವಾಗಿ ಕೂರುತ್ತದೆ.

ಇದರ ಶಕ್ತಿ ಎಷ್ಟು ಅನ್ನುವುದಕ್ಕೆ ಟ್ಯಾಮ್ ಡಿಯೆಲ್ ಅವರ ಕಥೆ ನೋಡಬೇಕು. (ಸ್ಪೆಲಿಂಗ್ ನೋಡಿದರೆ ಡಾಲಿಯೆಲ್ ಅನ್ನುವ ಹಾಗಿದೆ, ಉಚ್ಚಾರ ಡಿಯೆಲ್.) ಸ್ಕಾಟ್ಲೆಂಡಿನಿಂದ 1962ರಲ್ಲಿ ಲೇಬರ್ ಎಂ.ಪಿ. ಆಗಿ ಬಂದವರು 2005ರ ತನಕ ಇದ್ದರು, 43 ವರ್ಷ. ಸಚಿವರಾಗಲೇ ಇಲ್ಲ. 1982ರಲ್ಲಿ ಅರ್ಜೆಂಟೀನಾ ಜೊತೆ ಫಾಕ್‌ಲ್ಯಾಂಡ್ಸ್ ಯುದ್ಧ ನಡೆದಾಗ ಅದನ್ನು ವಿರೋಧಿಸಿ ಮತ ಹಾಕಿದ್ದಕ್ಕೆ ಮುಂದಿನ ಬೆಂಚಿನ ವಕ್ತಾರನ ಸ್ಥಾನವನ್ನೂ ಕಳೆದುಕೊಂಡರು. ಮತದ ಪಟ್ಟಿಯಲ್ಲಿ ಅದು ಒಂದು ಸಾಲು, ಅಷ್ಟೇ.

ಅದೇ ವರ್ಷ ಮೇ 2ರಂದು ಬ್ರಿಟಿಷ್ ಜಲಾಂತರ್ಗಾಮಿ ಕಾಂಕರರ್, ಜನರಲ್ ಬೆಲ್‌ಗ್ರಾನೋ ಎಂಬ ಅರ್ಜೆಂಟೀನಾ ಯುದ್ಧನೌಕೆಯನ್ನು ಮುಳುಗಿಸಿತು. 323 ಜನ ಸತ್ತರು. ಹಡಗು ನಮ್ಮ ಪಡೆಯ ಹತ್ತಿರ ಬರುತ್ತಿತ್ತು ಎಂದು ರಕ್ಷಣಾ ಸಚಿವರು ಮೇ 4ರಂದು ಸದನಕ್ಕೆ ಹೇಳಿದರು. ಡಿಯೆಲ್ ಕೇಳಲು ಶುರು ಮಾಡಿದರು. ಹಡಗನ್ನು ಮೊದಲು ಕಂಡದ್ದು ಯಾವಾಗ? ಆ ಹೊತ್ತಿಗೆ ಅದು ಯಾವ ದಿಕ್ಕಿಗೆ ಸಾಗುತ್ತಿತ್ತು? ಎಷ್ಟು ಗಂಟೆಯಿಂದ? ದೊಡ್ಡ ಭಾಷಣವಿಲ್ಲ, ದಿಕ್ಕು, ಸಮಯ, ದೂರ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಅವರು ಲಾಗ್ ಫೈಲ್ ಕೇಳುತ್ತಿದ್ದರು. ಒಂದು ಉತ್ತರ ಬಂದರೆ ಅದರ ಸಂದಿಯಿಂದ ಮುಂದಿನ ಪ್ರಶ್ನೆ. ಹೀಗೆ ವರ್ಷಗಟ್ಟಲೆ. ಸದನದಲ್ಲಿ ಇವರು ಎದ್ದರೆ ಸ್ವಂತ ಪಕ್ಷದವರೇ ನಿಟ್ಟುಸಿರು ಬಿಡುವ ಹಾಗಾಯಿತು. ಕೊನೆಗೆ ಹೊರಬಂದದ್ದು ಏನೆಂದರೆ, ಹಡಗು ಸುಮಾರು 11 ಗಂಟೆಗಳಿಂದ ದೂರ ಹೋಗುತ್ತಿತ್ತು, ಅದನ್ನು ಕಂಡದ್ದೂ ಮೊದಲು ಹೇಳಿದ್ದಕ್ಕಿಂತ ಒಂದು ದಿನ ಮುಂಚೆ. ಅವರ ಪ್ರಶ್ನೆಗಳಿಗೆ ಉತ್ತರ ಸಿದ್ಧಪಡಿಸುವ ಕೆಲಸದಲ್ಲಿದ್ದ ಕ್ಲೈವ್ ಪಾಂಟಿಂಗ್ ಎಂಬ ರಕ್ಷಣಾ ಇಲಾಖೆಯ ಅಧಿಕಾರಿ, ಸಂಸತ್ತಿನಿಂದ ನಿಜ ಮುಚ್ಚಿಡುತ್ತಿದ್ದಾರೆ ಎಂದು 1984ರಲ್ಲಿ ದಾಖಲೆಗಳನ್ನೇ ಡಿಯೆಲ್‌ಗೆ ಕಳಿಸಿದರು. ಗೋಪ್ಯತಾ ಕಾಯ್ದೆಯಡಿ ಅವರ ಮೇಲೆ ಮೊಕದ್ದಮೆ ನಡೆಯಿತು. 1985ರ ಫೆಬ್ರವರಿಯಲ್ಲಿ ಜ್ಯೂರಿ ಖುಲಾಸೆ ಮಾಡಿತು. ಹಡಗನ್ನು ಮುಳುಗಿಸಿದ್ದು ಸರಿಯೋ ತಪ್ಪೋ ಅನ್ನುವ ವಾದ ಇವತ್ತಿಗೂ ಇದೆ. ಆದರೆ ಸದನಕ್ಕೆ ಹೇಳಿದ ಮೊದಲ ವಿವರ ಸರಿಯಿರಲಿಲ್ಲ ಅನ್ನುವುದು ಗೊತ್ತಾದದ್ದರಲ್ಲಿ ಒಬ್ಬ ಹಿಂದಿನ ಬೆಂಚಿನವರ ಹಟದ ಪಾಲು ದೊಡ್ಡದು.

ಪ್ರಶ್ನೆಗೆ ಬೆಲೆಯಿದೆ ಅನ್ನುವುದು ಕೊಳ್ಳುವವರಿಗೂ ಗೊತ್ತು. 2005ರ ಡಿಸೆಂಬರಿನಲ್ಲಿ ದುಡ್ಡು ತಗೊಂಡು ಪ್ರಶ್ನೆ ಕೇಳಲು ಒಪ್ಪಿದ್ದಕ್ಕೆ ನಮ್ಮ ಸಂಸತ್ತು 11 ಸದಸ್ಯರನ್ನು ಹೊರಹಾಕಿತು. ಬ್ರಿಟನ್ನಿನಲ್ಲೂ 1994ರಲ್ಲಿ ಇಂಥದ್ದೇ ಹಗರಣ ಆಗಿತ್ತು.

ಹಾಗಂತ ಎಷ್ಟು ಪ್ರಶ್ನೆ ಅಂತ ಎಣಿಸಿ ಅಂಕ ಕೊಡುವುದು ಬೇಡ. ಸಚಿವರು ಪ್ರಶ್ನೆ ಕೇಳುವುದೇ ಇಲ್ಲ, ಸೊನ್ನೆ ಅಂದರೆ ಸೋಮಾರಿತನವಲ್ಲ. ಒಂದೇ ಪ್ರಶ್ನೆಯನ್ನು ಹತ್ತು ಇಲಾಖೆಗೆ ಕಳಿಸಿದರೆ ಹತ್ತು ಅಂತ ಲೆಕ್ಕವಾಗುತ್ತದೆ. ನಾವು ನೋಡುವುದು ಇಷ್ಟು: ಒಂದು ವಿಷಯವನ್ನು ಬೆನ್ನು ಹತ್ತಿದ್ದಾರೆಯೇ? ಹಿಂದಿನ ಉತ್ತರದ ಸಂಖ್ಯೆ ಹಿಡಿದು ಮುಂದಿನ ಪ್ರಶ್ನೆ ಕೇಳಿದ್ದಾರೆಯೇ? ಕ್ಷೇತ್ರದ ಯೂನಿವರ್ಸಿಟಿ, ಆಸ್ಪತ್ರೆ, ಬಾಡಿಗೆ ಮನೆಗಳ ಹೆಸರು ಎಲ್ಲಾದರೂ ಬಂದಿದೆಯೇ?

ಇದೆಲ್ಲ ಯಾಕೆ ಮುಖ್ಯ ಅಂದರೆ, ನಮ್ಮ ಬದುಕಿಗೆ ತಟ್ಟುವ ವೀಸಾ ನಿಯಮಗಳು ಸಾಮಾನ್ಯವಾಗಿ ಮತಕ್ಕೇ ಬರುವುದಿಲ್ಲ. ವಲಸೆ ನಿಯಮ ಬದಲಿಸಬೇಕೆಂದರೆ ಗೃಹ ಸಚಿವರು ಬದಲಾವಣೆಯ ಪಟ್ಟಿಯನ್ನು ಪಾರ್ಲಿಮೆಂಟಿನ ಮುಂದೆ ಇಡುತ್ತಾರೆ. 40 ದಿನದೊಳಗೆ ಯಾವುದಾದರೂ ಸದನ ಬೇಡ ಅನ್ನದಿದ್ದರೆ ಮುಗಿಯಿತು. ಬೇಡ ಅನ್ನುವುದು ಬಹಳ ಅಪರೂಪ. ಗ್ರ್ಯಾಜುಯೇಟ್ ವೀಸಾ ಎರಡು ವರ್ಷದಿಂದ 18 ತಿಂಗಳಿಗೆ ಇಳಿದದ್ದು ಈ ದಾರಿಯಲ್ಲೇ. 2027ರ ಜನವರಿ 1 ಅಥವಾ ಆಮೇಲೆ ಅರ್ಜಿ ಹಾಕುವವರಿಗೆ ಇದು ಅನ್ವಯ, ಪಿಎಚ್‌ಡಿ ಮುಗಿಸಿದವರಿಗೆ ಮಾತ್ರ ಮೂರು ವರ್ಷ ಹಾಗೇ ಇದೆ. ನಿಮ್ಮ ಎಂ.ಪಿ.ಯ ಮತದ ಪಟ್ಟಿಯನ್ನು ಎಷ್ಟು ಜರಡಿ ಹಿಡಿದರೂ ಅವರು ಇದರ ಬಗ್ಗೆ ಏನಂದುಕೊಂಡರು ಅಂತ ಸಿಗಲಿಕ್ಕಿಲ್ಲ. ಸಿಕ್ಕರೆ ಪ್ರಶ್ನೆಗಳಲ್ಲಿ.

2025ರ ಸೆಪ್ಟೆಂಬರಿನಲ್ಲಿ ಒಂದು ವರ್ಷದ ಮಾಸ್ಟರ್ಸ್‌ಗೆ ಬಂದವರಿಗಂತೂ ಇದು ದಿನಗಳ ಲೆಕ್ಕ. ಡಿಸರ್ಟೇಶನ್ ಸಲ್ಲಿಸಿದ ತಕ್ಷಣ ಅರ್ಜಿ ಹಾಕುವ ಹಾಗಿಲ್ಲ. ಕೋರ್ಸ್ ಪೂರ್ತಿ ಆಯಿತು ಅಂತ ಯೂನಿವರ್ಸಿಟಿ ಗೃಹ ಇಲಾಖೆಗೆ ತಿಳಿಸಿದ ಮೇಲೆಯೇ ಹಾಕಬೇಕು. ಫಲಿತಾಂಶದ ಬೋರ್ಡ್ ನವೆಂಬರಿನಲ್ಲಿ ಕೂತರೆ ಎರಡು ವರ್ಷ, ಜನವರಿಗೆ ಜಾರಿದರೆ ಹದಿನೆಂಟು ತಿಂಗಳು. ಓದು ಅದೇ, ಫೀಸು ಅದೇ, ಎಜುಕೇಶನ್ ಲೋನ್ ಕಂತೂ ಅದೇ. ಕೆಲಸ ಹುಡುಕಲು, ಸ್ಪಾನ್ಸರ್ ಸಿಗಲು ಇರುವ ಸಮಯದಲ್ಲಿ ಆರು ತಿಂಗಳು ಮಾತ್ರ ಮಾಯ.

ಸಚಿವರಿಗೆ ಕೇಳಬೇಕಾದ ಪ್ರಶ್ನೆ ಅಂದರೆ ಇದೇ: ಕೋರ್ಸ್ 2026ರಲ್ಲೇ ಮುಗಿದು, ಯೂನಿವರ್ಸಿಟಿ ಫಲಿತಾಂಶ ತಡಮಾಡಿದ ಕಾರಣಕ್ಕೆ 2027ರಲ್ಲಿ ಅರ್ಜಿ ಹಾಕುವ ವಿದ್ಯಾರ್ಥಿಗಳು ಎಷ್ಟು ಎಂದು ಇಲಾಖೆ ಅಂದಾಜು ಮಾಡಿದೆಯೇ, ಮಾಡಿದ್ದರೆ ಎಷ್ಟು? ಇದನ್ನು ನಾವು ಕೇಳುವ ಹಾಗಿಲ್ಲ, ನಮ್ಮ ಎಂ.ಪಿ. ಕೇಳಬಹುದು. ಈ ಬರಹದ ಜೊತೆಗೆ ನಮ್ಮ ಸಂಘದಿಂದ ಒಂದು ಚಿಕ್ಕ ಇಮೇಲ್ ಕರಡು ಸಿದ್ಧ ಮಾಡಿದ್ದೇವೆ, ಬೇಕಾದವರು ಕೇಳಿ ತಗೊಳ್ಳಿ. ಕಳಿಸುವಾಗ ಪೂರ್ತಿ ವಿಳಾಸ, ಪೋಸ್ಟ್‌ಕೋಡ್ ಹಾಕಲೇಬೇಕು. ಎಂ.ಪಿ.ಗಳು ತಮ್ಮ ಕ್ಷೇತ್ರದಲ್ಲಿ ವಾಸವಿರುವವರ ಪತ್ರಕ್ಕೆ ಮಾತ್ರ ಉತ್ತರಿಸುವ ಸಂಪ್ರದಾಯವಿದೆ. ಹಾಸ್ಟೆಲ್ ಬಿಟ್ಟು ಬಾಡಿಗೆ ಮನೆಗೆ ಹೋದವರು ಮೊದಲು ಪೋಸ್ಟ್‌ಕೋಡ್ ಹಾಕಿ ನೋಡಿಕೊಳ್ಳಿ. ರಸ್ತೆ ದಾಟಿದರೆ ಕ್ಷೇತ್ರವೂ ಎಂ.ಪಿ.ಯೂ ಬದಲಾಗುವ ಜಾಗಗಳು ನಮ್ಮ ಕ್ಯಾಂಪಸ್ ಸುತ್ತಲೇ ಇವೆ.