ಅರಳಿ ಕಟ್ಟೆಯ ನಿಯಮಗಳು: ನಮ್ಮೂರನ್ನು ನಾವೇ ಬರೆಯುವಾಗ

ಮೊಬೈಲ್ ಕೈಯಲ್ಲಿದ್ದರೆ ‘ಹೇಮಾವತಿ’ ಎಂದು ಕನ್ನಡದಲ್ಲೇ ಟೈಪ್ ಮಾಡಿ ಹುಡುಕಿ ನೋಡಿ. ಸಾಮಾನ್ಯವಾಗಿ ಮೊದಲು ಬರುವುದು ನದಿ, ಆಮೇಲೆ ಗೊರೂರಿನ ಅಣೆಕಟ್ಟು. ಅಮರಾಪುರ ಮಂಡಲದ ನಮ್ಮ ಹೇಮಾವತಿ, ಅಂದರೆ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಸಿಗಬೇಕಾದರೆ ಬೆರಳು ಇನ್ನೂ ಕೆಳಗೆ ಇಳಿಯಬೇಕು. ‘ಗುಡಿಬಂಡೆ’ ಎಂದರೆ ಚಿಕ್ಕಬಳ್ಳಾಪುರ ಜಿಲ್ಲೆಯ ಗುಡಿಬಂಡೆ ಎದುರಾಗುತ್ತದೆ. ‘ರಾಯದುರ್ಗ’ ಎಂದರೆ ಹೈದರಾಬಾದಿನ ಮೆಟ್ರೊ ನಿಲ್ದಾಣ ನಡುವೆ ಬಂದು ನಿಲ್ಲುತ್ತದೆ.

ಮಡಕಶಿರಾ, ರಾಯದುರ್ಗದ ಕನ್ನಡ ಶಾಲೆಗಳಲ್ಲಿ ಓದುವ ಮಕ್ಕಳಿಗೆ ಇದು ನಿತ್ಯದ ಕಷ್ಟ. ಪಠ್ಯಕ್ರಮ ಆಂಧ್ರದ್ದು, ಓದುವ ಭಾಷೆ ಕನ್ನಡ. ‘ನಿಮ್ಮ ಊರಿನ ಚರಿತ್ರೆ ಬರೆದು ತನ್ನಿ’ ಎಂದು ಮೇಷ್ಟ್ರು ಹೇಳಿದ ದಿನ ಕನ್ನಡದಲ್ಲಿ ಸಿಗುವುದು ನಾಲ್ಕು ಸಾಲು, ತೆಲುಗಿನಲ್ಲಿ ಸಿಗುವುದು ನಾಲ್ಕು ಪುಟ. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರ ಜೂನ್‌ನಲ್ಲಿ. ತೆಲುಗಿನದು ಅದೇ ವರ್ಷದ ಕೊನೆಗೆ. ಇಂದು ಕನ್ನಡದಲ್ಲಿ 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ತೆಲುಗಿನಲ್ಲಿ ಅದರ ಎರಡು ಪಟ್ಟಿಗಿಂತಲೂ ಹೆಚ್ಚು. ಬೆಂಗಳೂರು, ಮಂಗಳೂರಿನವರು ಬಂದು ನಮ್ಮ ಊರುಗಳನ್ನು ಬರೆದುಕೊಡಲಿ ಎಂದು ಕಾಯುತ್ತಾ ಕೂತರೆ ಕಾಯುತ್ತಲೇ ಇರಬೇಕಾಗುತ್ತದೆ.

ಯಾರು ಬೇಕಾದರೂ ಅಲ್ಲಿ ಬರೆಯಬಹುದು, ವಯಸ್ಸಿನ ಮಿತಿಯೂ ಇಲ್ಲ. ಇಷ್ಟು ನಿಮಗೆ ಗೊತ್ತಿರಬಹುದು. ಯಾರೂ ಹೇಳಿಕೊಡದಿರುವುದು ಬರೆದದ್ದು ಉಳಿಯಬೇಕಾದರೆ ಏನು ಮಾಡಬೇಕು ಎಂಬುದನ್ನು.

ಸಾಮಾನ್ಯವಾಗಿ ಆಗುವುದು ಹೀಗೆ. ನೀವು ಉತ್ಸಾಹದಿಂದ ಕೂತು ‘ನಮ್ಮ ಹೇಮಾವತಿಯ ಸಿದ್ದೇಶ್ವರ ದೇವಾಲಯವು ಜಗತ್ಪ್ರಸಿದ್ಧವಾಗಿದ್ದು, ಇದರ ಸೌಂದರ್ಯವನ್ನು ವರ್ಣಿಸಲು ಪದಗಳೇ ಸಾಲವು’ ಎಂದು ಬರೆಯುತ್ತೀರಿ. ಗೆಳೆಯರಿಗೆ ತೋರಿಸುತ್ತೀರಿ. ಮರುದಿನ ನೋಡಿದರೆ ಸಾಲು ಮಾಯ. ಯಾರೋ ಅಳಿಸಿದ್ದಾರೆ. ಸಿಟ್ಟು ಬರುತ್ತದೆ, ಗಡಿಯಾಚೆಯವರೆಂದು ನಮ್ಮನ್ನು ಕಡೆಗಣಿಸಿದರು ಎಂದೂ ಅನ್ನಿಸುತ್ತದೆ. ಹೆಚ್ಚಿನವರು ಆ ದಿನವೇ ಬಿಟ್ಟುಬಿಡುತ್ತಾರೆ.

ಬಿಡುವ ಮೊದಲು ಪುಟದ ಮೇಲಿರುವ ‘ಇತಿಹಾಸ’ ಎಂಬ ಕೊಂಡಿಯನ್ನು ಒತ್ತಿ ನೋಡಿ. ನಿಮ್ಮ ಸಾಲು ಅಲ್ಲೇ ಇದೆ. ಯಾರು, ಯಾವ ದಿನ, ಎಷ್ಟು ಗಂಟೆಗೆ ಏನು ಬದಲಿಸಿದರು ಎಂಬುದೆಲ್ಲ ಅಲ್ಲಿ ದಾಖಲಾಗಿರುತ್ತದೆ. ಬದಲಿಸಿದವರು ಕಾರಣವನ್ನು ಒಂದು ಸಾಲಿನಲ್ಲಿ ಬರೆದಿರುವುದೂ ಉಂಟು. ಅಳಿಸಿದವರು ಸಂಬಳದ ಅಧಿಕಾರಿಯಲ್ಲ, ನಿಮ್ಮಂತೆಯೇ ಬಿಡುವಿನಲ್ಲಿ ಕೆಲಸ ಮಾಡುವ ಒಬ್ಬ ಓದುಗರು. ಎದುರಿನವರದು ಒಳ್ಳೆಯ ಉದ್ದೇಶವೇ ಎಂದು ನಂಬಿ ಮಾತು ಶುರು ಮಾಡಬೇಕು ಎಂಬುದು ಅಲ್ಲಿನ ಹಳೆಯ ನಿಯಮ. ಪ್ರತಿ ಲೇಖನಕ್ಕೂ ಒಂದು ‘ಚರ್ಚೆ’ ಪುಟವಿದೆ. ಅಲ್ಲಿ ‘ಇದನ್ನು ಯಾಕೆ ತೆಗೆದಿರಿ, ಹೇಗೆ ಬರೆದರೆ ಸರಿ?’ ಎಂದು ಕೇಳಿ, ಕೊನೆಗೆ ನಾಲ್ಕು ಟಿಲ್ಡೆ ಚಿಹ್ನೆ ಹಾಕಿದರೆ ನಿಮ್ಮ ಸಹಿಯೂ ವೇಳೆಯೂ ತಾವಾಗಿ ಬೀಳುತ್ತವೆ. ಎಲ್ಲರೂ ಸೇರಿ ಮಾತಾಡುವ ಸಾಮಾನ್ಯ ಪುಟವೂ ಒಂದಿದೆ. ಅದಕ್ಕೆ ಕನ್ನಡದವರು ಇಟ್ಟಿರುವ ಹೆಸರು ‘ಅರಳಿ ಕಟ್ಟೆ’. ಊರಿನಲ್ಲಿ ಕಟ್ಟೆಯ ಮೇಲೆ ಹೇಗೆ ಮಾತಾಡುತ್ತೀರೋ ಹಾಗೆಯೇ. ಹಿರಿಯರು ಕೂತಿರುವ ಹೊತ್ತಿನಲ್ಲಿ ಎಂದು ಇಟ್ಟುಕೊಳ್ಳಿ.

ಇನ್ನು ಆ ‘ಜಗತ್ಪ್ರಸಿದ್ಧ’. ವಿಶ್ವಕೋಶಕ್ಕೆ ಹೊಗಳಿಕೆ ಬೇಡ. ದೇವಾಲಯ ಎಲ್ಲಿದೆ, ಯಾರ ಕಾಲದ್ದು, ಯಾವ ಕಲ್ಲು, ಹಾಗೆ ಹೇಳಿದವರು ಯಾರು ಎಂಬುದು ಬೇಕು. ‘ಹೇಮಾವತಿಯ ಶಿಲ್ಪಗಳಲ್ಲಿ ಕೆಲವು ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ’ ಎಂಬ ಒಂದು ಸಾಲು, ಉಲ್ಲೇಖದ ಸಮೇತ ಇದ್ದರೆ, ‘ವರ್ಣಿಸಲು ಪದಗಳು ಸಾಲವು’ ಎಂಬುದಕ್ಕಿಂತ ಎಷ್ಟೋ ಹೆಚ್ಚು ಹೇಳುತ್ತದೆ. ನಮ್ಮ ಪ್ರಬಂಧ ಸ್ಪರ್ಧೆಗಳಲ್ಲಿ ಬಹುಮಾನ ಬರುವುದು ಮೊದಲಿನ ಬಗೆಯ ಸಾಲಿಗೆ ಎಂಬುದು ಬೇರೆ ಮಾತು.

1953ನ್ನು ಹೇಗೆ ಬರೆಯುವುದು?

ನಿಜವಾದ ಪರೀಕ್ಷೆ ಇಲ್ಲಿದೆ. ರಾಯದುರ್ಗದ ಹುಡುಗನೊಬ್ಬ ತನ್ನ ಊರಿನ ಪುಟದಲ್ಲಿ ‘ಅಚ್ಚಕನ್ನಡದ ನಮ್ಮ ತಾಲ್ಲೂಕನ್ನು ಅನ್ಯಾಯವಾಗಿ ಆಂಧ್ರಕ್ಕೆ ಸೇರಿಸಿದರು’ ಎಂದು ಬರೆಯುತ್ತಾನೆ ಎಂದುಕೊಳ್ಳಿ. ಮನೆಯಲ್ಲಿ ತಾತ ಹೇಳಿದ ಮಾತು ಅದು. ಅದೇ ಪುಟವನ್ನು ಅದೇ ಊರಿನ ತೆಲುಗು ಹುಡುಗನೂ ಓದುತ್ತಾನೆ. ಅವನ ಮನೆಯ ತಾತ ಬೇರೆಯೇ ಹೇಳಿರುತ್ತಾರೆ. ಇಬ್ಬರೂ ಒಬ್ಬರದನ್ನೊಬ್ಬರು ಅಳಿಸುತ್ತಾ ಕೂತರೆ ಅದಕ್ಕೆ ಸಂಪಾದನಾ ಕದನ ಎನ್ನುತ್ತಾರೆ. ಕೊನೆಗೆ ನಿರ್ವಾಹಕರು ಪುಟಕ್ಕೆ ಬೀಗ ಹಾಕುತ್ತಾರೆ, ಇಲ್ಲವೇ ಇಬ್ಬರನ್ನೂ ತಡೆಯುತ್ತಾರೆ.

ತಟಸ್ಥವಾಗಿ ಬರೆಯುವುದೆಂದರೆ ನೋವನ್ನು ನುಂಗಿಕೊಳ್ಳುವುದು ಎಂದು ಹಲವರು ತಿಳಿಯುತ್ತಾರೆ. ಹಾಗಲ್ಲ. ‘1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ, ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು, ಬಳ್ಳಾರಿ, ಹೊಸಪೇಟೆ, ಕೂಡ್ಲಿಗಿ ಮೊದಲಾದವು ಮೈಸೂರು ರಾಜ್ಯಕ್ಕೆ ಸೇರಿದವು. ರಾಯದುರ್ಗ ಅನಂತಪುರ ಜಿಲ್ಲೆಯ ಭಾಗವಾಯಿತು’ ಎಂದು ಬರೆಯಿರಿ. ಇದನ್ನು ಯಾರೂ ಅಳಿಸಲಾರರು. ಆಮೇಲೆ, ಅದು ಅನ್ಯಾಯ ಎಂದು ವಾದಿಸಿದವರು ಯಾರು, ಎಲ್ಲಿ ಹೇಳಿದರು, ಎದುರು ವಾದ ಏನಿತ್ತು ಎಂಬುದನ್ನು ಅವರವರ ಹೆಸರಿನಲ್ಲಿ, ಪುಸ್ತಕದ ಪುಟಸಂಖ್ಯೆ ಸಮೇತ ಕೊಡಿ. ಆಂಧ್ರ ರಚನೆಯ ಕುರಿತು ನ್ಯಾಯಮೂರ್ತಿ ವಾಂಛೂ ಕೊಟ್ಟ ವರದಿ, ಬಳ್ಳಾರಿ ತಾಲ್ಲೂಕಿನ ಕುರಿತು ನ್ಯಾಯಮೂರ್ತಿ ಮಿಶ್ರಾ ಕೊಟ್ಟ ವರದಿ ಎರಡೂ 1953ರವು. ಅನ್ಯಾಯ ಎಂಬ ಮಾತು ಆಗ ಲೇಖನದ ಮಾತಾಗುವುದಿಲ್ಲ, ಹೇಳಿದವರ ಮಾತಾಗಿ ಉಳಿಯುತ್ತದೆ. ಓದುವವರು ತೂಗಿ ನೋಡಿಕೊಳ್ಳುತ್ತಾರೆ. ನನಗನ್ನಿಸುವಂತೆ ನಮ್ಮ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಚರಿತ್ರೆಯ ಪಾಠ ಇನ್ನೊಂದಿಲ್ಲ.

ಮಡಕಶಿರಾದ ಕಥೆ ಬೇರೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ನಮಗೆ ಅಭ್ಯಾಸವಾಗಿದೆ, ಆದರೆ ಬಳ್ಳಾರಿಯಿಂದ ಬೇರ್ಪಟ್ಟು 1882ರಲ್ಲಿ ಅನಂತಪುರ ಜಿಲ್ಲೆಯಾದಾಗಲೇ ಮಡಕಶಿರಾ ಈ ಕಡೆ ಬಂತು. ಈಗ ಅದು ಅನಂತಪುರದಲ್ಲೂ ಇಲ್ಲ. 2022ರ ಏಪ್ರಿಲ್ 4ರಿಂದ ಪುಟ್ಟಪರ್ತಿ ಕೇಂದ್ರವಾಗಿರುವ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಬಾಯಲ್ಲಿ ಮಾತ್ರ ನಾವು ಇನ್ನೂ ಅನಂತಪುರ ಜಿಲ್ಲೆ ಎನ್ನುತ್ತೇವೆ. ಮಡಕಶಿರಾ, ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆ ಮಂಡಲಗಳ ಪುಟಗಳಲ್ಲಿ ಜಿಲ್ಲೆಯ ಹೆಸರು ಸರಿಯಿದೆಯೇ ಎಂದು ನೋಡುವುದು ಹೊಸಬರಿಗೆ ಒಳ್ಳೆಯ ಮೊದಲ ಕೆಲಸ. ಆದರೆ ಕಂಡಕಂಡಲ್ಲೆಲ್ಲ ‘ಅನಂತಪುರ’ವನ್ನು ಹೊಡೆದುಹಾಕಬೇಡಿ. 1882ರ ಸಾಲಿನಲ್ಲಿ ಅದು ಇರಲೇಬೇಕು.

ಅಜ್ಜಿ ಹೇಳಿದ್ದು, ಪುಸ್ತಕ ಹೇಳಿದ್ದು

‘ಉಲ್ಲೇಖ ಕೊಡಿ’ ಎಂಬುದು ನೀವು ಅತಿ ಹೆಚ್ಚು ಕೇಳುವ ಮಾತು. ಕೇಳುವವರಿಗೆ ನಿಮ್ಮ ಮೇಲೆ ಅನುಮಾನ ಎಂದಲ್ಲ. ನೀವು ಯಾರೆಂದೇ ಗೊತ್ತಿಲ್ಲದವರು ನಿಮ್ಮ ಸಾಲನ್ನು ನಂಬಬೇಕಾದರೆ ಅದು ಎಲ್ಲಿಂದ ಬಂತು ಎಂದು ತಿಳಿಯಬೇಕು, ಅಷ್ಟೆ. ಹಾಗಾಗಿ ಸ್ವಂತ ಸಂಶೋಧನೆಗೆ ಅಲ್ಲಿ ಜಾಗವಿಲ್ಲ. ಊರ ಹೊರಗಿನ ಕಲ್ಲನ್ನು ತೊಳೆದು ನೀವೇ ಓದಿ ‘ಇದು ನೊಳಂಬರ ಶಾಸನ’ ಎಂದು ಬರೆಯುವಂತಿಲ್ಲ.

ಹಾಗೆಂದು ಕೈಚೆಲ್ಲಬೇಕಿಲ್ಲ. ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳನ್ನೇ ಒಟ್ಟುಮಾಡಿದ ಸಂಪುಟವೊಂದಿದೆ: ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ 9ನೆಯದು. ಮೊದಲ ಭಾಗ 1939ರಲ್ಲಿ ಬಂತು. ಸಂಪಾದಕರು ಆರ್. ಶಾಮಾಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣ ರಾವ್. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಶಾಮಾಶಾಸ್ತ್ರಿಗಳೇ ಇವರು. ಶಾಸನಗಳ ಪಾಠ ಕನ್ನಡ ಲಿಪಿಯಲ್ಲಿದೆ, ಟಿಪ್ಪಣಿ ಇಂಗ್ಲಿಷಿನಲ್ಲಿ. ನೊಳಂಬರ ಮೇಲೆ ಎಂ. ಎಸ್. ಕೃಷ್ಣಮೂರ್ತಿಯವರ ಇಂಗ್ಲಿಷ್ ಗ್ರಂಥವನ್ನು ಮೈಸೂರು ವಿಶ್ವವಿದ್ಯಾಲಯ 1980ರಲ್ಲಿ ಪ್ರಕಟಿಸಿದೆ. ಶಾಸನದಲ್ಲಿ ಏನಿದೆ ಎನ್ನಲು ಮೊದಲನೆಯದು, ಅದರ ಅರ್ಥವೇನು ಎನ್ನಲು ಎರಡನೆಯದು.

ಇನ್ನೊಂದು ಆಕರ ಡಬ್ಲ್ಯೂ. ಫ್ರಾನ್ಸಿಸ್ ಬರೆದ ಗೆಜೆಟಿಯರುಗಳು. ಇಲ್ಲೊಂದು ತಮಾಷೆ ಇದೆ. 1905ರ ಅನಂತಪುರ ಗೆಜೆಟಿಯರಿನಲ್ಲಿ ರಾಯದುರ್ಗ ತಾಲ್ಲೂಕನ್ನು ಹುಡುಕಿದರೆ ಸಿಗುವುದಿಲ್ಲ. ಅದು ಇರುವುದು 1904ರ ಬಳ್ಳಾರಿ ಗೆಜೆಟಿಯರಿನಲ್ಲಿ; ಆಗ ರಾಯದುರ್ಗ ಬಳ್ಳಾರಿಗೇ ಸೇರಿತ್ತಲ್ಲ! ಮಡಕಶಿರಾ ಅನಂತಪುರದ್ದರಲ್ಲಿದೆ. ಎರಡೂ ಹಕ್ಕುಸ್ವಾಮ್ಯದ ಅವಧಿ ದಾಟಿದ ಪುಸ್ತಕಗಳು. ಆದರೆ ಯಂತ್ರಾನುವಾದಕ್ಕೆ ಹಾಕಿ ಅಂಟಿಸಬೇಡಿ. ಫ್ರಾನ್ಸಿಸ್ ‘ಟ್ಯಾಂಕ್’ ಎಂದಲ್ಲೆಲ್ಲ ಅವನ ಮನಸ್ಸಿನಲ್ಲಿದ್ದದ್ದು ಕೆರೆ. ಯಂತ್ರಕ್ಕೆ ಅದು ನೀರಿನ ತೊಟ್ಟಿಯೂ ಆಗಬಹುದು, ಯುದ್ಧದ ಟ್ಯಾಂಕೂ ಆಗಬಹುದು. ಕೆರೆಯ ನೀರು ಕುಡಿದು ಬೆಳೆದ ನಿಮಗೆ ಆ ತಪ್ಪು ಕಣ್ಣಿಗೆ ಹೊಡೆಯುತ್ತದೆ. ಪಠ್ಯಪುಸ್ತಕದ ಪುಟಗಳನ್ನು ಹಾಗೆಯೇ ಇಳಿಸುವುದೂ ಸಲ್ಲದು, ಅದು ಹಕ್ಕುಸ್ವಾಮ್ಯದ ಉಲ್ಲಂಘನೆ. ಓದಿ, ಪುಸ್ತಕ ಮುಚ್ಚಿ, ನಿಮ್ಮ ಮಾತಿನಲ್ಲಿ ಬರೆಯಿರಿ.

ನಮ್ಮ ಮಕ್ಕಳಿಗೆ ಬೆಂಗಳೂರಿನ ಮಕ್ಕಳಿಗಿಲ್ಲದ ಅನುಕೂಲವೊಂದಿದೆ. ಅವರು ತೆಲುಗು ಓದಬಲ್ಲರು. ಕನ್ನಡ ಲೇಖನಕ್ಕೆ ಕನ್ನಡದ್ದೇ ಉಲ್ಲೇಖ ಬೇಕೆಂಬ ನಿಯಮವಿಲ್ಲ. ತೆಲುಗು ಪತ್ರಿಕೆಯ ವರದಿಯಾದರೂ ಆದೀತು. ತೆಲುಗು ವಿಕಿಪೀಡಿಯದ ಲೇಖನವನ್ನು ಕನ್ನಡಕ್ಕೆ ತರಬಹುದು, ಎಲ್ಲಿಂದ ತಂದಿರಿ ಎಂದು ಸಂಪಾದನೆಯ ಸಾರಾಂಶದಲ್ಲಿ ಬರೆದರೆ ಸಾಕು. ಆದರೆ ವಿಕಿಪೀಡಿಯವನ್ನೇ ಉಲ್ಲೇಖವಾಗಿ ಕೊಡುವಂತಿಲ್ಲ. ಅಲ್ಲಿ ಕೊಟ್ಟಿರುವ ಮೂಲವನ್ನು ತೆಗೆದು ನೋಡಿಯೇ ಕೊಡಬೇಕು. ಎರಡು ಭಾಷೆಯ ನಡುವೆ ಬೆಳೆಯುವುದು ಹೊರೆ ಎಂದು ಕೇಳಿ ಕೇಳಿ ಬೇಸತ್ತ ಮಕ್ಕಳು ಈ ಕೆಲಸವನ್ನು ಒಮ್ಮೆ ಮಾಡಿ ನೋಡಲಿ.

ಮೇಷ್ಟ್ರುಗಳಿಗೆ ನಾಲ್ಕು ಮಾತು. ಇಡೀ ತರಗತಿಗೆ ಒಂದೇ ಖಾತೆ ತೆರೆಯಬೇಡಿ, ಒಬ್ಬರಿಗೆ ಒಂದು ಖಾತೆ ಎಂಬುದು ನಿಯಮ. ಒಂದೇ ಇಂಟರ್‌ನೆಟ್ ಸಂಪರ್ಕದಿಂದ ಒಂದು ದಿನಕ್ಕೆ 6 ಖಾತೆಗಳಷ್ಟೇ ತೆರೆಯುತ್ತವೆ. ಏಳನೆಯ ಮಗು ಕಂಪ್ಯೂಟರ್ ಕೆಟ್ಟಿತೆಂದು ಅಳುವ ಮೊದಲು ಇದು ತಿಳಿದಿರಲಿ. ಮಕ್ಕಳು ನಿಜ ಹೆಸರು, ಶಾಲೆ, ಫೋನ್ ನಂಬರು ಬರೆಯುವುದು ಬೇಡ. ಮೊದಲ ವಾರ ಎಲ್ಲರೂ ‘ಪ್ರಯೋಗಪುಟ’ದಲ್ಲೇ ಬರೆದು ಕೆಡಿಸಿ ಕಲಿಯಲಿ. ಇನ್ನೊಂದು: ಹೆಡ್‌ಮಾಸ್ತರರ ಬಗ್ಗೆಯೋ ನಿಮ್ಮದೇ ಬಗ್ಗೆಯೋ ಮಕ್ಕಳಿಂದ ಲೇಖನ ಬರೆಸಬೇಡಿ. ಬೇರೆಯವರು ಸ್ವತಂತ್ರವಾಗಿ ಬರೆದಿರದ ವ್ಯಕ್ತಿಯ ಪುಟ ಅಲ್ಲಿ ಉಳಿಯುವುದಿಲ್ಲ.

ಅಜ್ಜಿ ಹೇಳಿದ್ದರ ಗತಿ ಏನು ಎಂದು ಕೇಳುತ್ತೀರಿ. ಕೋಟೆಯ ಬಾಗಿಲಿಗೆ ಊರಿನವರು ಕರೆಯುವ ಹೆಸರು, ವೇದಾವತಿ ತುಂಬಿ ಹರಿದ ವರ್ಷ ಯಾವ ಬೀದಿಗೆ ನೀರು ಬಂತು, 1953ರಲ್ಲಿ ಶಾಲೆಯ ಹಾಜರಿ ಪುಸ್ತಕ ಯಾವ ಭಾಷೆಯಲ್ಲಿತ್ತು. ಇವು ಯಾವ ಗೆಜೆಟಿಯರಿನಲ್ಲೂ ಇಲ್ಲ. ಅಚ್ಚಾಗದ ಕಾರಣ ವಿಕಿಪೀಡಿಯಕ್ಕೂ ಹೋಗಲಾರವು, ಹೇಳುವವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಅವನ್ನು ಮೊದಲು ಪತ್ರಿಕೆಗೆ ಬರೆಯಿರಿ. ಹೇಳಿದವರ ಒಪ್ಪಿಗೆ ಪಡೆದು ಅವರ ಹೆಸರು, ವಯಸ್ಸು, ಊರು, ಕೇಳಿಸಿಕೊಂಡ ತಾರೀಖು ಸೇರಿಸಿ ಈ ಪುಟಕ್ಕೇ ಕಳಿಸಿ. ಇಬ್ಬರು ಹಿರಿಯರು ಎರಡು ಬಗೆಯಾಗಿ ಹೇಳಿದರೆ ಎರಡನ್ನೂ ಬರೆಯಿರಿ. ಅಚ್ಚಾದ ಮೇಲೆ ಅದು ಉಲ್ಲೇಖಿಸಲು ಸಿಗುವ ಬರಹವಾಗುತ್ತದೆ. ಬರೆದವರೇ ಅದನ್ನು ಅಲ್ಲಿಗೆ ಸೇರಿಸುವುದು ಚೆನ್ನಲ್ಲ, ಪಕ್ಕದ ಶಾಲೆಯ ಮಕ್ಕಳು ಸೇರಿಸಲಿ.